ಒಳ್ಳೆಯ ಕಾಲಿಗೆ ಕಟ್ಟಿದ ಪಟ್ಟಿ

ಹೊಳೆಯ ದಂಡೆಯಲ್ಲಿ ಒಂದು ಕಾಲೇಜು. ಅದರ ಹಿಂದೆ ಬ್ಯಾಸ್ಕೆಟ್‌ಬಾಲ್ ಆಡುವ ಸಿಮೆಂಟಿನ ಕೋರ್ಟು. ಎರಡು ಕಂಬ, ಎರಡು ಹಲಗೆ, ಎರಡು ರಿಂಗು.

ಇದನ್ನು ಆಶ್ರಮ ಎನ್ನಬಹುದೇ ಎಂದು ಯಾರಾದರೂ ಮೂಗು ಮುರಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅಲ್ಲಿ ಒಬ್ಬ ಗುರುವಿದ್ದರು, ಶಿಷ್ಯರಿದ್ದರು. ಬೆಳಗ್ಗೆ ಎದ್ದು ನೆಲ ಗುಡಿಸಿದ ಮೇಲೆಯೇ ಚೆಂಡು ಕೈಗೆ ಸಿಗುತ್ತಿತ್ತು. ನನಗೆ ಅಷ್ಟು ಸಾಕು.

ಗುರುವಿನ ಹೆಸರು ಜವರಪ್ಪ. ಎಲ್ಲರಿಗೂ ಅವರು ಮೇಷ್ಟ್ರು.

ಮಾದೇಶ ಎಂಬ ಹುಡುಗ ಸೇರಿದ ದಿನವೇ ಕೇಳಿದ.

“ಸಾರ್, ನಾನು ಲೀಗ್‌ನಲ್ಲಿ ಆಡ್ತೀನಾ?”

ಲೀಗ್ ಎಂದರೆ ಸಂಬಳ ಕೊಟ್ಟು ಆಡಿಸುವ ಆಟ. ಆಟವೇ ಅನ್ನವಾಗುವ ಜಾಗ. ಕಾಲೇಜಿನಲ್ಲಿ ಚೆಂಡು ಹಿಡಿದ ಹುಡುಗರೆಲ್ಲರ ಕಣ್ಣು ಅದರ ಮೇಲೆಯೇ ಇರುತ್ತಿತ್ತು.

ಮೇಷ್ಟ್ರು ಅವನ ಕೈಗೆ ಪೊರಕೆ ಕೊಟ್ಟರು.

“ಆ ಮೂಲೆ ಉಳಿದಿದೆ ನೋಡು.”

ಮಾದೇಶ ಗುಡಿಸಿದ. ಮಾರನೆಯ ದಿನ ಮತ್ತೆ ಕೇಳಿದ. ಮತ್ತೆ ಪೊರಕೆ ಸಿಕ್ಕಿತು. ಹುಡುಗ ಕೇಳುವುದನ್ನು ಬಿಡಲಿಲ್ಲ, ಮೇಷ್ಟ್ರು ಉತ್ತರ ಕೊಡಲಿಲ್ಲ. ಲಾಭವಾದದ್ದು ಕೋರ್ಟಿಗೆ ಮಾತ್ರ.

ಅವನು ಆಡುವುದನ್ನು ನೀವು ನೋಡಬೇಕಿತ್ತು. ನೆಗೆದವನು ಇಳಿಯುವುದನ್ನು ಮರೆತನೇನೋ ಅನ್ನಿಸುತ್ತಿತ್ತು. ಅವನ ಊರಿನಲ್ಲಿ ಅವನನ್ನು ಅಪ್ಪನ ಹೆಸರಿನಿಂದ ಗುರುತಿಸುವವರು ಉಳಿದಿರಲಿಲ್ಲ. ಚೆಂಡಿನ ಮಾದೇಶ ಎಂದರೆ ಮನೆ ತೋರಿಸುತ್ತಿದ್ದರು.

ಒಮ್ಮೆ ಮ್ಯಾಚಿನ ಹಿಂದಿನ ದಿನ ಒಬ್ಬ ಹುಡುಗನ ಎಡಗಾಲು ಉಳುಕಿತು. ಮೇಷ್ಟ್ರು ಅವನ ಬಲಗಾಲಿಗೆ ಪಟ್ಟಿ ಸುತ್ತಿದರು.

“ಸಾರ್, ನೋವಿರೋದು ಆ ಕಾಲು” ಎಂದ ಮಾದೇಶ.

“ಗೊತ್ತು ಕಣೋ. ಎದುರಿನವರು ಪಟ್ಟಿ ಇರೋ ಕಾಲಿನ ಮೇಲೇ ಬಂದು ಬೀಳ್ತಾರೆ. ಒಳ್ಳೇ ಕಾಲಾದ್ರೆ ತಡ್ಕೊಳ್ಳುತ್ತೆ.”

“ಇದು ಸುಳ್ಳಲ್ವಾ ಸಾರ್?”

“ಎಡಕ್ಕೆ ನೋಡಿ ಬಲಕ್ಕೆ ಪಾಸ್ ಕೊಡ್ತೀಯಲ್ಲ, ಅದು?”

“ಅದು ಆಟ.”

ಮೇಷ್ಟ್ರು ಕೋರ್ಟಿನ ಅಂಚಿನ ಬಿಳಿ ಗೆರೆಯನ್ನು ಕಾಲಿನಲ್ಲಿ ತೋರಿಸಿದರು.

“ಇದೂ ಆಟವೇ. ಈ ಗೆರೆ ಒಳಗಿರೋ ತನಕ.”

ಅಂಥ ಸಣ್ಣ ಕಾಲೇಜಿಗೆ ಲೀಗಿನವರು ಯಾರೂ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದವರು ದೇವಯ್ಯ ಒಬ್ಬರೇ. ಒಂದು ತಂಡಕ್ಕೆ ಹುಡುಗರನ್ನು ಆರಿಸುವ ಕೆಲಸ ಅವರದು.

ಬೇರೆ ಕಾಲೇಜುಗಳಿಗೆ ಅವರು ಡಾಕ್ಟರನ್ನು ಕರೆದುಕೊಂಡು ಹೋಗುತ್ತಿದ್ದರು. ಇಲ್ಲಿಗೆ ಒಬ್ಬರೇ ಬರುತ್ತಿದ್ದರು. ಕೊನೆಯ ವರ್ಷದ ಹುಡುಗರ ಆಟ ಮಾತ್ರ ನೋಡಿ, ಮನಸ್ಸಿಗೆ ಹಿಡಿಸಿದ ಹುಡುಗನನ್ನು ತೋರಿಸಿ, ಮೇಷ್ಟ್ರನ್ನು ಒಂದೇ ಮಾತು ಕೇಳುತ್ತಿದ್ದರು.

“ಇವನು ಗಟ್ಟಿನಾ?”

ಗಟ್ಟಿ ಎಂದರೆ ಹುಡುಗ ಲೀಗಿಗೆ ಹೊರಟ ಹಾಗೆ. ಇಲ್ಲ ಎಂದರೆ ಇಲ್ಲ. ದೇವಯ್ಯ ಎರಡನೆಯ ಸಲ ಕೇಳಿದವರಲ್ಲ.

ಒಂದು ವರ್ಷ ರಿಯಾಜ್ ಎಂಬ ಹುಡುಗನನ್ನು ದೇವಯ್ಯ ಮೆಚ್ಚಿದರು. ರಿಯಾಜನಿಗೆ ಬೆನ್ನುನೋವಿತ್ತು. ಮೇಷ್ಟ್ರು ಇಲ್ಲ ಎಂದರು. ಅವನು ಕೋರ್ಟಿನ ಮೂಲೆಯಲ್ಲಿ ಕೂತು ಅಳುವುದನ್ನು ಮಾದೇಶ ನೋಡಿದ.

“ಗಟ್ಟಿ ಅಂದಿದ್ರೆ ಏನಾಗ್ತಿತ್ತು ಸಾರ್? ಹೋಗಿ ಆಡ್ಕೊಳ್ತಿದ್ದ.”

“ಅವನು ಹೋಗ್ತಿದ್ದ. ನನ್ನ ಮಾತು ಸುಳ್ಳಾದ್ಮೇಲೆ ಅವನ ಹಿಂದೆ ಬರೋರಿಗೆ ಹೋಗೋಕೆ ಆಗ್ತಿರಲಿಲ್ಲ.”

ಮಾದೇಶನಿಗೆ ಅದು ಅರ್ಥವಾಯಿತು. ಅರ್ಥವಾಗುವುದೇನೂ ಕಷ್ಟವಲ್ಲ, ಅಳುತ್ತಿರುವವನು ಇನ್ನೊಬ್ಬನಾಗಿರುವಾಗ.

ಕಾಲೇಜಿನ ಕೊನೆಯ ವರ್ಷ ಬಂತು. ಮಳೆ ನಿಂತ ಒಂದು ಸಂಜೆ, ನೆಗೆದು ಇಳಿಯುವಾಗ ಮಾದೇಶನ ಎಡ ಮಂಡಿ ಒಳಕ್ಕೆ ತಿರುಗಿತು. ಒಳಗೆ ಏನೋ ಪಟ್ಟೆಂದದ್ದು ಅವನಿಗೊಬ್ಬನಿಗೇ ಕೇಳಿಸಿತು.

ಮಂಡಿಯ ಲಿಗಮೆಂಟ್ ಹರಿದಿದೆ, ಮೂಳೆಯೂ ಸವೆದಿದೆ ಎಂದರು ಪೇಟೆಯ ಡಾಕ್ಟರು. ನೆಗೆಯುವುದನ್ನು ಬಿಟ್ಟುಬಿಡು, ಹೀಗೇ ಆಡಿದರೆ ಮುಂದೆ ನಡೆಯುವುದೂ ಕಷ್ಟ ಎಂದರು.

ಮಾದೇಶ ಯಾರಿಗೂ ಹೇಳಲಿಲ್ಲ. ಕುಂಟದೆ ನಡೆಯುವುದನ್ನು ಕಲಿತ. ಆಟ ಕಲಿಯುವಾಗಲೂ ಅವನು ಅಷ್ಟು ಪಾಡು ಪಟ್ಟಿರಲಿಲ್ಲ.

ದೇವಯ್ಯ ಬರುವ ಹಿಂದಿನ ಸಂಜೆ ಗುರು ಶಿಷ್ಯರಿಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

“ಎಡ ಮಂಡಿ ಹೇಗಿದೆ?” ಎಂದರು ಮೇಷ್ಟ್ರು.

ಮಾದೇಶ ಬೆಚ್ಚಿಬಿದ್ದ.

“ಯಾರು ಹೇಳಿದ್ರು ಸಾರ್?”

“ನಿನ್ನ ಮುಖ. ಕಾಲು ಚೆನ್ನಾಗೇ ನಡೀತಿದೆ. ಆದ್ರೆ ಸುಮ್ನೆ ನಡೆಯೋನು ಹಲ್ಲು ಕಚ್ಕೊಂಡು ನಡೆಯಲ್ಲ.”

ಮಾದೇಶ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮೇಷ್ಟ್ರು ಕೊನೆಯ ತನಕ ಕೇಳಿದರು.

“ನಾಳೆ ಆಡ್ಬೇಡ.”

“ಆಡ್ತೀನಿ ಸಾರ್. ಮುಂದಿನ ವರ್ಷ ನಾನು ಈ ಕಾಲೇಜಲ್ಲಿ ಇರಲ್ಲ. ಆಮೇಲೆ ನನ್ನ ನೋಡೋಕೆ ಯಾರು ಬರ್ತಾರೆ?”

ಮೇಷ್ಟ್ರು ನೀರನ್ನೇ ನೋಡುತ್ತಿದ್ದರು.

“ದೇವಯ್ಯನವರು ನಿಮ್ಮನ್ನ ಕೇಳ್ತಾರೆ. ಗಟ್ಟಿ ಅಂದ್ಬಿಡಿ ಸಾರ್. ಇಷ್ಟು ವರ್ಷದಲ್ಲಿ ನಾನು ಬೇರೇನೂ ಕೇಳಿಲ್ಲ.”

“ನಾನು ಗಟ್ಟಿ ಅಂದ್ರೆ ಎಷ್ಟು ದಿನ ಆಡ್ತೀಯ?”

“ಒಂದು ಸೀಸನ್ ಆದ್ರೂ ಸಾಕು.”

“ಆಮೇಲೆ?”

“ಆಮೇಲಿಂದು ನನಗೆ ಬೇಡ.”

ಆ ವಯಸ್ಸು ಹಾಗೆಯೇ ಮಾತಾಡುತ್ತದೆ. ಮೇಷ್ಟ್ರು ಎದ್ದು, ನೀರಿಗಿಳಿದು, ಮುಖ ತೊಳೆದುಕೊಂಡರು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಮಾದೇಶ ಬಲ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದ. ಎಡ ಮಂಡಿ ಬರಿದಾಗಿತ್ತು. ಅವನಿನ್ನೂ ಕೋರ್ಟಿನ ಗೆರೆಯ ಹೊರಗೇ ನಿಂತಿದ್ದ. ಮೇಷ್ಟ್ರು ಆ ಪಟ್ಟಿಯನ್ನು ನೋಡಿದರು, ಆಮೇಲೆ ಗೆರೆಯನ್ನು ನೋಡಿದರು. ಹುಡುಗ ತಲೆ ತಗ್ಗಿಸಿದ.

ಪಟ್ಟಿ ದೇವಯ್ಯನವರ ಕಣ್ಣಿಗೂ ಬಿತ್ತು.

“ಏನಪ್ಪಾ, ಮಂಡಿಗೇನಾಯ್ತು?”

“ಸ್ವಲ್ಪ ಉಳುಕಿತ್ತು ಸಾರ್. ಈಗೇನಿಲ್ಲ.”

ದೇವಯ್ಯ ಬಗ್ಗಿ, ಪಟ್ಟಿ ಬಿಚ್ಚಿಸಿ, ಬಲ ಮಂಡಿಯನ್ನು ಒತ್ತಿದರು, ಮಡಿಸಿ ನೋಡಿದರು. ಅದು ಕಲ್ಲಿನ ಹಾಗಿತ್ತು.

“ಇದಕ್ಕೆ ಪಟ್ಟಿ ಯಾಕಯ್ಯಾ? ದೃಷ್ಟಿ ತಾಗ್ಬಾರ್ದು ಅಂತಾನಾ?”

ಎಲ್ಲರೂ ನಕ್ಕರು. ಎಡ ಮಂಡಿಯ ಕಡೆ ಯಾರೂ ನೋಡಲಿಲ್ಲ.

ಅವತ್ತು ಮಾದೇಶ ಆಡಿದ್ದನ್ನು ಹೇಗೆ ಹೇಳಲಿ! ಅವನು ಎಸೆದ ಚೆಂಡು ರಿಂಗಿಗೆ ತಾಕದೆ ಒಳಗಿಳಿಯುತ್ತಿತ್ತು. ಎದುರಿನವರು ಆಡುವುದನ್ನು ಬಿಟ್ಟು ನೋಡುತ್ತಾ ನಿಂತುಬಿಡುತ್ತಿದ್ದರು. ಪೇಟೆಯ ಜನ ಕಾಂಪೌಂಡ್ ಗೋಡೆಯ ಮೇಲೆ ಹತ್ತಿ ಕೂತು ಚಪ್ಪಾಳೆ ತಟ್ಟಿದರು.

ಅವನು ನೆಲಕ್ಕೆ ಇಳಿಯುವ ಪ್ರತಿ ಸಲವೂ ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಮ್ಮ ಶಿಷ್ಯ ಏರುವುದನ್ನಷ್ಟೇ ಅವರು ನೋಡಿದರು.

ಆಟ ಮುಗಿಯಿತು. ದೇವಯ್ಯ ನೇರವಾಗಿ ಮೇಷ್ಟ್ರ ಹತ್ತಿರ ಬಂದರು. ಮುಖದ ತುಂಬ ನಗು.

“ಜವರಪ್ಪನವರೇ, ಇಂಥವನನ್ನ ಎಲ್ಲಿ ಬಚ್ಚಿಟ್ಟಿದ್ರಿ? ಕೇಳೋದೇ ಬೇಡ. ಆದ್ರೂ ಅಭ್ಯಾಸ, ಕೇಳ್ಬಿಡ್ತೀನಿ. ಇವನು ಗಟ್ಟಿನಾ?”

ಮೇಷ್ಟ್ರು ಮಾದೇಶನ ಕಡೆ ತಿರುಗಿದರು. ಹುಡುಗನ ಎರಡು ಕೈಗಳೂ ಅವನಿಗೇ ಗೊತ್ತಿಲ್ಲದೆ ಎದೆಯ ಹತ್ತಿರ ಕೂಡಿಕೊಂಡಿದ್ದವು.

“ಗಟ್ಟಿ” ಎಂದರು ಮೇಷ್ಟ್ರು.

ದೇವಯ್ಯ ಆಗಲೇ ಮಾದೇಶನ ಕೈ ಕುಲುಕುತ್ತಿದ್ದರು.

“ಸೋಮವಾರ ಬಂದ್ಬಿಡಪ್ಪ. ನಮ್ಮ ಹುಡುಗ ನೀನಿನ್ನು.”

ಚಿಕ್ಕಂದಿನಿಂದ ಕಾದಿದ್ದ ಮಾತು ಅದು. ಮಾದೇಶ ಸಂತೋಷಪಡಬೇಕು. ಸಂತೋಷವನ್ನು ತೋರಿಸೋಣವೆಂದು ಗುರುವಿನ ಕಡೆ ನೋಡಿದ.

ಯಾವಾಗಲೂ ನೆಟ್ಟಗೆ ನಿಲ್ಲುತ್ತಿದ್ದ ಮನುಷ್ಯ ಕಂಬಕ್ಕೆ ಒರಗಿದ್ದರು. ಉಳಿದ ಹುಡುಗರ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ಅಲ್ಲಿ ರಿಯಾಜನೂ ಇದ್ದ, ಆಟ ನೋಡಲು ಬಂದಿದ್ದ.

ಮಾದೇಶನಿಗೆ ಎದೆ ಒಡೆದಂತಾಯಿತು. ತನ್ನ ಒಂದು ಮಂಡಿಗಾಗಿ ಈ ಮನುಷ್ಯನನ್ನು ಬಗ್ಗಿಸಿಬಿಟ್ಟೆನಲ್ಲ ಎನ್ನಿಸಿತು.

“ಸಾರ್” ಎಂದ ದೇವಯ್ಯನವರಿಗೆ. “ನೀವು ನೋಡಿದ್ದು ಬೇರೆ ಕಾಲು.”

“ಏನಂದೆ?”

“ಎಡಗಾಲು ನೋಡಿ ಸಾರ್.”

ದೇವಯ್ಯ ಬಗ್ಗಿ ಎಡ ಮಂಡಿಯನ್ನು ಒತ್ತಿದರು. ಮಾದೇಶ ಚೀರಿದ್ದು ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು. ಗೋಡೆಯ ಮೇಲೆ ಕೂತಿದ್ದವರು ಕತ್ತು ಚಾಚಿದರು.

ದೇವಯ್ಯ ನಿಧಾನವಾಗಿ ಎದ್ದು ನಿಂತರು.

“ನಿಮಗೆ ಗೊತ್ತಿತ್ತಾ?” ಎಂದು ಮೇಷ್ಟ್ರನ್ನು ಕೇಳಿದರು.

“ಗೊತ್ತಿತ್ತು.”

“ಬೇರೆ ಯಾರಾದ್ರೂ ಆಗಿದ್ರೆ ಬೈತಿದ್ದೆ. ನಿಮಗೆ ಏನಂತ ಬೈಲಿ?”

“ಬೈಯಿರಿ.”

ದೇವಯ್ಯ ಬೈಯಲಿಲ್ಲ. ಕಾರಿನ ತನಕ ಹೋಗಿ, ಬಾಗಿಲು ತೆಗೆದು, ತಿರುಗಿ ನಿಂತರು.

“ಮುಂದಿನ ಸಲ ಡಾಕ್ಟರನ್ನ ಕರ್ಕೊಂಡು ಬರ್ತೀನಿ” ಎಂದರು.

ಕಾರು ಹೋಯಿತು. ಹುಡುಗರು ಒಬ್ಬೊಬ್ಬರಾಗಿ ಹೊರಟರು. ರಿಯಾಜ್ ಮೇಷ್ಟ್ರ ಮುಂದೆ ಬಂದು ನಿಂತ, ಅವರ ಮುಖ ನೋಡಿ ಹೋದ.

ಕೋರ್ಟಿನಲ್ಲಿ ಇಬ್ಬರೇ ಉಳಿದರು.

“ಯಾಕೆ ಗಟ್ಟಿ ಅಂದ್ರಿ ಸಾರ್?”

“ನೀನು ಬೇಡಿದ್ದೆ.”

“ನಾನು ಬೇಡಿದ್ದು ತಪ್ಪು.”

“ನಾನು ಕೊಟ್ಟಿದ್ದೂ ತಪ್ಪೇ.”

“ಕೊನೇಲಿ ನಾನು ನಿಜ ಹೇಳ್ಬಿಡ್ತೀನಿ ಅಂತ ನಿಮಗೆ ಗೊತ್ತಿತ್ತಾ?”

ಬೇರೆ ಕಥೆಗಳಲ್ಲಿ ಗುರುಗಳಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಜವರಪ್ಪ ಮೇಷ್ಟ್ರು ಅಂಥ ಗುರುವಾಗಿರಲಿಲ್ಲ.

“ಇಲ್ಲ ಮಗಾ. ಗೊತ್ತಿರಲಿಲ್ಲ.”

ಮಾದೇಶ ಬಿಚ್ಚಿದ ಪಟ್ಟಿಯನ್ನು ಕೈಯಲ್ಲಿ ಸುತ್ತುತ್ತಾ ಕೂತ.

“ಇನ್ನು ಮುಂದಿನ ಹುಡುಗರು, ಸಾರ್?”

“ಡಾಕ್ಟರು ನೋಡ್ತಾರೆ.”

“ನಿಮ್ಮ ಮಾತು?”

“ಖರ್ಚಾಯ್ತು.”

ಮೇಷ್ಟ್ರ ಕಣ್ಣು ತುಂಬಿತ್ತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ. ಮಾದೇಶ ಅದನ್ನು ನೋಡಿದ. ಆಮೇಲೆ, ಸೇರಿದ ದಿನದಿಂದ ಕೇಳುತ್ತಿದ್ದುದನ್ನೇ ಈಗ ಬೇರೆ ರೀತಿ ಕೇಳಿದ.

“ನನ್ನ ಆಟ ಮುಗೀತಾ ಸಾರ್?”

ಈ ಸಲ ಉತ್ತರ ಸಿಕ್ಕಿತು.

“ಮುಗೀತು.”

ಹಲಗೆಯ ಮೇಲೊಂದು ಕಾಗೆ ಬಂದು ಕೂತು, ಹಾರಿಹೋಯಿತು.

“ಅವ್ವನಿಗೆ ಏನು ಹೇಳ್ಲಿ? ಊರಿಗೆಲ್ಲಾ ಹೇಳ್ಕೊಂಡು ಕೂತವ್ಳೆ.”

“ಬಸ್ಸಿಗೆ ಹೊತ್ತಾಯ್ತು, ಏಳು. ನಾನೂ ಬರ್ತೀನಿ.”

ಬಸ್ ನಿಲ್ದಾಣಕ್ಕೆ ಪೇಟೆಯ ಬೀದಿಯಲ್ಲೇ ಹೋಗಬೇಕು. ಬೆಳಗ್ಗೆ ಗೋಡೆಯ ಮೇಲೆ ಕೂತು ಚಪ್ಪಾಳೆ ತಟ್ಟಿದ್ದವರು ಈಗ ಅಂಗಡಿಗಳ ಮುಂದೆ ನಿಂತಿದ್ದರು. ಮಾದೇಶ ಬೆನ್ನು ನೆಟ್ಟಗೆ ಮಾಡಿಕೊಂಡ. ಹಲ್ಲು ಕಚ್ಚಿ, ಏನೂ ಆಗದವನ ಹಾಗೆ ಹೆಜ್ಜೆ ಹಾಕತೊಡಗಿದ.

ಮೇಷ್ಟ್ರು ಹಿಂದಿನಿಂದ ಬಂದು ಅವನ ತೋಳನ್ನೆತ್ತಿ ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಹುಡುಗ ಅವರಿಗಿಂತ ಬಹಳ ಎತ್ತರ. ಬಗ್ಗಬೇಕಾಯಿತು.

“ಬೇಡ ಸಾರ್, ಎಲ್ಲಾ ನೋಡ್ತವ್ರೆ.”

“ಕುಂಟು ಮಗಾ. ನೋಯೋ ಕಾಲು ಕುಂಟ್ಬೇಕು.”