ಸೆರಗಿನಲ್ಲಿ ಉಳಿದ ನಿಂಬೆಹಣ್ಣು

ಹೊಳೆ ದಡದ ಆಶ್ರಮವೊಂದರಲ್ಲಿ ಮರಿದೇವರು ಮೇಷ್ಟ್ರು, ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರನ್ನು ತಯಾರು ಮಾಡುತ್ತಿದ್ದರು.

ಅವರಲ್ಲಿ ಪ್ರಮಾಣಪತ್ರ ಅಂತೇನೂ ಇರಲಿಲ್ಲ. ಶಿಷ್ಯರು ಮಕ್ಕಳ ಮುಂದೆ ಪಾಠ ಮಾಡಬೇಕು. ಪಾಠ ಮನಸ್ಸಿಗೆ ಹಿಡಿಸಿದರೆ ಮೇಷ್ಟ್ರು ಅವರನ್ನು ಒಮ್ಮೆ 'ಟೀಚರ್' ಎಂದು ಕರೆಯುತ್ತಿದ್ದರು. ಅಷ್ಟಾದರೆ ಸುತ್ತಲಿನ ಯಾವ ಶಾಲೆಯಲ್ಲಾದರೂ ಕೆಲಸ ಸಿಗುತ್ತಿತ್ತು. ಮೂರು ಪಾಠವಾದರೂ ಕರೆಯದಿದ್ದರೆ ಗಂಟುಮೂಟೆ ಕಟ್ಟಬೇಕು. ಅಲ್ಲಿಯವರೆಗೆ ಮಕ್ಕಳ ಬಾಯಲ್ಲಿ ಅವರು ಬರೀ 'ಅಕ್ಕ', 'ಅಣ್ಣ'.

ಶಿಷ್ಯೆ ಜಯಶೀಲಾಳನ್ನು ಎರಡು ಪಾಠವಾದರೂ ಮೇಷ್ಟ್ರು ಹಾಗೆ ಕರೆದಿರಲಿಲ್ಲ.

ಇನ್ನೊಂದು ನಿಯಮವಿತ್ತು. ಪಾಠವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಬೇಕು. ಆದರೆ ಮೊಬೈಲನ್ನು ಮಕ್ಕಳ ಕಡೆಗೇ ತಿರುಗಿಸಿಡಬೇಕು.

"ಅದರಲ್ಲಿ ನಾನು ಕಾಣಿಸೋದೇ ಇಲ್ವಲ್ಲ ಮೇಷ್ಟ್ರೇ" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ನಿನ್ನನ್ನ ನೋಡ್ಕೊಳ್ಳೋಕೆ ಕನ್ನಡಿ ಇದೆಯಲ್ಲಮ್ಮ" ಎಂದಿದ್ದರು ಮೇಷ್ಟ್ರು.

ಮೂರನೆಯ ಪಾಠ: ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ. ಜಯಶೀಲಾ ಹಿಂದಿನ ಸಂಜೆಯೇ ಎಲ್ಲವನ್ನೂ ನೀರಿಗೆ ಹಾಕಿ ನೋಡಿ, 'ನಿಂಬೆಹಣ್ಣು ತೇಲುತ್ತದೆ' ಎಂದು ದೊಡ್ಡ ಅಕ್ಷರದಲ್ಲಿ ಚಾರ್ಟಿನಲ್ಲಿ ಬರೆದು ಸುತ್ತಿಟ್ಟಿದ್ದಳು.

ಆದರೆ ಆ ಹಣ್ಣು ಬೆಳಗಿನ ಚಿತ್ರಾನ್ನಕ್ಕೆ ಹೋಗಿಬಿಟ್ಟಿತ್ತು. ಅಡುಗೆಯವರು ಬೇರೆ ಎರಡು ಹಣ್ಣು ಕೊಟ್ಟರು.

ಕಲ್ಲು ಮುಳುಗಿತು. ಎಲೆ ತೇಲಿತು. ಮೊಳೆ ಮುಳುಗಿತು. ನಿಂಬೆಹಣ್ಣು ಹಾಕಿದಳು. ಅದು ಸೀದಾ ಬಕೆಟ್ಟಿನ ತಳ ಸೇರಿತು.

ಜಯಶೀಲಾ ಸುತ್ತಿಟ್ಟ ಚಾರ್ಟಿನ ಕಡೆ ನೋಡಿದಳು. ಹಣ್ಣನ್ನು ಎತ್ತಿ, ಒರೆಸುವವಳಂತೆ ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿದಳು. ಎರಡನೆಯ ಹಣ್ಣು ಹಾಕಿದಳು. ಪುಣ್ಯಕ್ಕೆ ಅದು ತೇಲಿತು.

"ನೋಡಿದ್ರಾ? ನಿಂಬೆಹಣ್ಣು ಏನಾಗುತ್ತೆ?"

"ತೇಲುತ್ತೇ..." ಎಂದು ಮಕ್ಕಳು ರಾಗ ಎಳೆದರು.

ಪಾಠ ಮುಗಿಯಿತು. ಮಕ್ಕಳು ಊಟಕ್ಕೆ ಹೋದರು. ಮಕ್ಕಳ ಕೊನೇ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದ ಮೇಷ್ಟ್ರು ಎದ್ದು ಬಂದು ಮೊಬೈಲು ಕೇಳಿದರು. ಧ್ವನಿ ನಿಲ್ಲಿಸಿ ವಿಡಿಯೊ ಹಾಕಿದರು.

"ಎಷ್ಟು ಚೆನ್ನಾಗಿ ಗಮನ ಕೊಟ್ಟಿದ್ದಾರೆ ನೋಡಿ ಮೇಷ್ಟ್ರೇ. ಒಂದು ಮಗೂನೂ ಆಚೆ ಈಚೆ ತಿರುಗಿಲ್ಲ" ಎಂದಳು ಜಯಶೀಲಾ.

"ಹೌದು. ಏನನ್ನ ನೋಡ್ತಿದ್ದಾರೆ?"

ಅವಳು ಬಗ್ಗಿ ನೋಡಿದಳು. ಇಪ್ಪತ್ತೆರಡು ಮಕ್ಕಳ ಕಣ್ಣು ಬಕೆಟ್ಟಿನಿಂದ ಅವಳ ಕೈಗೆ, ಕೈಯಿಂದ ಸೊಂಟಕ್ಕೆ ಹೋದವು. ಆಮೇಲೆ ಎರಡನೇ ಹಣ್ಣು ತೇಲಿದರೂ, ಅವಳು ಚಾರ್ಟು ಬಿಚ್ಚಿದರೂ, ಆ ಕಣ್ಣುಗಳು ಸೊಂಟ ಬಿಟ್ಟು ಕದಲಲಿಲ್ಲ.

ಜಯಶೀಲಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಹಾಗಾದ್ರೆ ನಾನು ಗಂಟುಮೂಟೆ ಕಟ್ಟಲಾ ಮೇಷ್ಟ್ರೇ?"

"ಅದು ಪಾಠ ಮುಗಿದ ಮೇಲಿನ ಮಾತು. ಹಣ್ಣು ಇನ್ನೂ ನಿನ್ನ ಸೆರಗಲ್ಲೇ ಇದೆಯಲ್ಲಮ್ಮ."

"ಅದು ಯಾಕೆ ಮುಳುಗ್ತು ಅಂತ ನನಗೇ ಗೊತ್ತಿಲ್ಲ. ಮಕ್ಕಳು ಕೇಳಿದ್ರೆ ಏನು ಹೇಳ್ಲಿ?"

ಮೇಷ್ಟ್ರು ಬಕೆಟ್ಟಿನ ನೀರು ಚೆಲ್ಲಿ, ಹೊಳೆಗೆ ಹೋಗಿ ಹೊಸ ನೀರು ತಂದಿಟ್ಟು, ಮತ್ತೆ ಚಾಪೆಯ ಮೇಲೆ ಹೋಗಿ ಕೂತರು.

ಊಟ ಮುಗಿಸಿ ಮಕ್ಕಳು ಬಂದರು. ಜಯಶೀಲಾ ಚಾರ್ಟು ಸುತ್ತಿ ಮೂಲೆಗಿಟ್ಟು, ಸೆರಗು ಬಿಚ್ಚಿದಳು.

"ಬೆಳಿಗ್ಗೆ ಇದನ್ನ ಬಚ್ಚಿಟ್ಟೆ. ತಪ್ಪು ಮಾಡಿದೆ."

"ನಾವು ನೋಡಿದ್ವಿ ಅಕ್ಕಾ!" ಎಂದು ಮುಂದಿನ ಸಾಲಿನ ಹುಡುಗಿ ಕೂಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಜಯಶೀಲಾಳಿಗೂ ನಗು ಬಂತು.

ಎರಡು ಹಣ್ಣನ್ನೂ ಒಟ್ಟಿಗೆ ನೀರಿಗೆ ಬಿಟ್ಟಳು. ಒಂದು ತೇಲಿತು, ಒಂದು ಮುಳುಗಿತು. ಮಕ್ಕಳು ಬಕೆಟ್ಟಿಗೆ ಮುತ್ತಿಕೊಂಡರು.

"ಇದು ಯಾಕಕ್ಕಾ ಮುಳುಗ್ತು?"

"ನನಗೆ ಗೊತ್ತಿಲ್ಲ. ನಿಮಗೇನು ಅನ್ಸುತ್ತೆ?"

ರಸ ಜಾಸ್ತಿ ಇದೆ ಎಂದಿತು ಒಂದು ಮಗು. ಸಿಪ್ಪೆ ತೆಳ್ಳಗಿದೆ ಎಂದಿತು ಇನ್ನೊಂದು. ಅದಕ್ಕೆ ಈಜು ಬರಲ್ಲ ಎಂದಿತು ಮತ್ತೊಂದು. ಜಯಶೀಲಾ ಯಾವುದನ್ನೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಳು, ಈಜು ಬಾರದ ಸಂಗತಿಯನ್ನೂ ಸೇರಿಸಿ. ಬರೆಯುವ ಭರದಲ್ಲಿ ಇದು ತನ್ನ ಕೊನೆಯ ಪಾಠ ಎನ್ನುವುದೇ ಮರೆತುಹೋಯಿತು.

"ಇನ್ಯಾರಿಗೆ ಏನನ್ಸುತ್ತೆ?" ಎಂದು ತಿರುಗಿದಳು.

ಕೊನೇ ಸಾಲಿನಲ್ಲಿ ಸುಕ್ಕುಗಟ್ಟಿದ ಕೈಯೊಂದು ಮೇಲೆದ್ದಿತ್ತು.

"ಟೀಚರ್, ತೇಲಿದ್ದರ ಸಿಪ್ಪೆ ಸುಲಿದು ಹಾಕಿದ್ರೆ ಏನಾಗುತ್ತೆ?"