ಕಂಬಳಿ ಹಂಚಿದ ಗೌಡ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮಠದ ಉಗ್ರಾಣವನ್ನು ನನಗೆ ಒಪ್ಪಿಸಿದ್ದೀರಿ. ಬೇಕು ಎಂದು ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ. ಬಾಯಿ ಬಿಟ್ಟು ಕೇಳದವರಿಗೆ ಕೊಡದಿದ್ದರೆ ಅದು ಅನ್ಯಾಯವೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿಗೆ ಅರಮನೆಯಿಂದ ಒಂದು ಹೊರೆ ಕಂಬಳಿ ಬಂತು. ಹೆಚ್ಚು ಚಳಿ ಪಡುವವರಿಗೆ ಹೆಚ್ಚು ಕೊಡಬೇಕೆಂದು ಅಪ್ಪಣೆ. ಊರಗೌಡ ನ್ಯಾಯವಂತ. ತಾನೇ ವಿಚಾರಿಸಲು ಹೊರಟ.

ವ್ಯಾಪಾರಿಯೊಬ್ಬ ಹತ್ತಿಯ ಹಾಸಿಗೆಯ ಮೇಲೆ ಶಾಲು ಹೊದ್ದು ಕೂತಿದ್ದ. ಗೌಡ ಬಾಗಿಲು ತೆರೆದದ್ದಕ್ಕೇ ಅವನಿಗೆ ಸೀನು ಬಂತು. "ಇದು ಚಳಿಯಲ್ಲ ಗೌಡರೇ, ಯಮಯಾತನೆ. ಮಗ್ಗುಲು ಬದಲಿಸಿದರೆ ಹಾಸಿಗೆಯ ಆ ಬದಿ ತಣ್ಣಗಿರುತ್ತದೆ," ಎಂದ. ಗೌಡನ ಕಣ್ಣಲ್ಲಿ ನೀರು ಬಂತು.

ನದಿಯಲ್ಲಿ ಒಬ್ಬ ಹೆಂಗಸು ಮೊಣಕಾಲುದ್ದ ನೀರಿನಲ್ಲಿ ನಿಂತು ಊರವರ ಬಟ್ಟೆ ಒಗೆಯುತ್ತಿದ್ದಳು. "ಚಳಿಯೇನಮ್ಮ?" ಎಂದು ಗೌಡ ದಡದಿಂದಲೇ ಕೇಳಿದ. "ಎಂದಿನ ಹಾಗೇ ಇದೆ ಬುದ್ಧಿ," ಎಂದಳು. ಗೌಡನಿಗೆ ಸಮಾಧಾನವಾಯಿತು. ಹೊರೆಯಷ್ಟೂ ವ್ಯಾಪಾರಿಯ ಮನೆ ಸೇರಿತು.

ವ್ಯಾಪಾರಿ ಎಲ್ಲವನ್ನೂ ಒಟ್ಟಿಗೆ ಹೊದ್ದ. ಬೆವರಿದ. ಕೆಲವೇ ದಿನಗಳಲ್ಲಿ ಕಂಬಳಿಗಳು ನಾರತೊಡಗಿ, ಒಗೆತಕ್ಕೆಂದು ಅದೇ ಹೆಂಗಸಿನ ಬಳಿಗೆ ಬಂದವು. ಅವಳು ಒಗೆದಳು, ಒಣಗಿಸಿದಳು. ಮರಳಿಸುವ ಮುನ್ನ ಒಂದನ್ನು ಮಕ್ಕಳಿಗೆ ಹೊದಿಸಿ, ತಾನೂ ಅದರೊಳಗೆ ನುಸುಳಿ ಮಲಗಿದಳು. ಹೊತ್ತೇರಿದರೂ ಎಚ್ಚರವಾಗಲಿಲ್ಲ. ಗೌಡ ಒಗೆಯಲು ಕೊಟ್ಟಿದ್ದ ತನ್ನ ಪಂಚೆ ಹುಡುಕಿಕೊಂಡು ಬಂದು ಬಾಗಿಲು ಬಡಿದ ಮೇಲೆಯೇ ಎದ್ದದ್ದು.

ಕಂಬಳಿ ಮಡಿಸುತ್ತ ಅವಳು ನಡುಗಿದಳು. "ಈಗ ಚಳಿಯಾಗುತ್ತಿದೆ ಬುದ್ಧಿ."

"ಮೊದಲು ಆಗುತ್ತಿರಲಿಲ್ಲವೇ?"

"ಆಗುತ್ತಿತ್ತೋ ಏನೋ. ಬೆಚ್ಚಗಿರುವುದು ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ."

ಗೌಡ ಬಹಳ ಹೊತ್ತು ಯೋಚಿಸಿದ. ಅಂದೇ ಡಂಗುರ ಹೊಡೆಸಿದ: ಕಂಬಳಿಯಿಂದ ಚಳಿ ಅಂಟುತ್ತದೆ, ಚಳಿಯಿಲ್ಲದ ಬಡವರು ಅದನ್ನು ಮುಟ್ಟಕೂಡದು. ಮರುವರ್ಷ ಇನ್ನೊಂದು ಹೊರೆ ಬಂತು. ಊರಿನ ಕ್ಷೇಮಕ್ಕಾಗಿ ಆ ಕಷ್ಟವನ್ನು ತಾನೊಬ್ಬನೇ ಅನುಭವಿಸಲು ವ್ಯಾಪಾರಿ ಒಪ್ಪಿಕೊಂಡ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಥ ಗೌಡನೂ ಇರುತ್ತಾನೆಯೇ ಗುರುಗಳೇ?"

"ಬೆಚ್ಚಗೆ ಕೂತವನಿಗೆ ನಗು ಬೇಗ ಬರುತ್ತದೆ," ಎಂದರು ಗುರುಗಳು.