ಗುರುಪಾದಪ್ಪನ ಪಟ್ಟಿ

ಕರಿಗುಡ್ಡದ ಪೂಜ್ಯ ಶ್ರೀ ಮುಕ್ತೇಶ ಶಿವಯೋಗಿಗಳು ಪೀಠದ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಹಗಲೆಲ್ಲ ಅವರು ದಾಸೋಹದ ಮನೆಯ ಹಿಂದೆ, ಕಟ್ಟಿಗೆ ಒಟ್ಟಿದ ಕಡೆ, ಗೋಣಿತಾಟಿನ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದರು. ಭಕ್ತರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರ ಪವಾಡಗಳನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಹೇಳಲಿ, ಬೇಡವೆಂದವರಾರು? ಕಂಪೌಂಡರ್ ಗುರುಪಾದಪ್ಪನ ಸಂಗತಿಯಲ್ಲಿ ಮಾತ್ರ ಪವಾಡವೇನೂ ಇಲ್ಲ. ಒಬ್ಬ ಮನುಷ್ಯ ಸಿಟ್ಟಿನಿಂದ ಗುಡ್ಡ ಹತ್ತಿ ಬಂದ, ಅತ್ತು ಹಗುರಾಗಿ ಇಳಿದು ಹೋದ, ಅಷ್ಟೇ.

ಶಿವರಾತ್ರಿಗೆ ಸುತ್ತಲಿನ ಊರುಗಳ ಜನ ಬರಿಗಾಲಲ್ಲಿ ಮಠಕ್ಕೆ ನಡೆದು ಬರುವುದು ವಾಡಿಕೆ. ಕಾದ ಡಾಂಬರು, ಜಾಲಿಮುಳ್ಳು. ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಅರ್ಧ ಮಂದಿಯ ಅಂಗಾಲು ಬೊಬ್ಬೆ ಎದ್ದಿರುತ್ತಿತ್ತು. ಅಲ್ಲಿ ಬೇವಿನ ಗಿಡದ ಕೆಳಗೆ ಗುರುಪಾದಪ್ಪ ಕುಳಿತಿರುತ್ತಿದ್ದ. ಸರಕಾರಿ ದವಾಖಾನೆಯಲ್ಲಿ ಕಂಪೌಂಡರನಾಗಿ ದುಡಿದು ನಿವೃತ್ತನಾದವನು. ಅವನನ್ನು ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದವನು. ಹತ್ತಿ, ಮುಲಾಮು, ಟಿಂಚರ್ ಎಲ್ಲ ಅವನದೇ. ಮುಳ್ಳು ತೆಗೆದು, ಗಾಯ ತೊಳೆದು, ಪಟ್ಟಿ ಕಟ್ಟಿ, "ಹೂಂ, ನಡೀರಿ ಇನ್ನ" ಎನ್ನುತ್ತಿದ್ದ. ಜನ ದರ್ಶನ ಮುಗಿಸಿ ಆಚೆ ಕಡೆಯ ದಾರಿ ಹಿಡಿದು ಊರು ಸೇರುತ್ತಿದ್ದರು. ಸಂಜೆಗೆ ಗುರುಪಾದಪ್ಪ ಒಬ್ಬನೇ ಡಬ್ಬಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ.

ಮನೆಯಲ್ಲಿ ಯಾರಿದ್ದರು? ಹೆಂಡತಿ ಕಾಶವ್ವ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಕ್ಕಳಿಲ್ಲ. ಆಕೆಯ ಹತ್ತಿಯ ಸೀರೆಗಳು ಟ್ರಂಕಿನಲ್ಲಿದ್ದವು. ಪಿಂಚಣಿ ಔಷಧಕ್ಕೇ ಮುಗಿದುಹೋಗಿ, ಪಟ್ಟಿಯ ಬಟ್ಟೆಗೆ ಗತಿಯಿಲ್ಲದೆ, ಮೊದಲ ವರ್ಷ ಒಂದನ್ನು ಹರಿದಿದ್ದ. ಇಟ್ಟುಕೊಂಡು ಕೊರಗುವುದಕ್ಕಿಂತ ನಾಲ್ಕು ಮಂದಿಯ ಕಾಲಿಗಾದರೂ ಆಗಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆಮೇಲೆ ವರ್ಷಕ್ಕೊಂದು. ಈಗ ಉಳಿದಿದ್ದು ಒಂದೇ. ಆಕೆ ಹಬ್ಬಕ್ಕೆ ಉಡುತ್ತಿದ್ದದ್ದು. ಶಿವರಾತ್ರಿ ಹತ್ತಿರ ಬಂದಂತೆಲ್ಲ ಅದನ್ನು ಹೊರಗೆ ತೆಗೆಯುವನು, ಮಡಚುವನು, ತಿರುಗಿ ಒಳಗಿಡುವನು.

ಆಗ ಒಂದು ಮಧ್ಯಾಹ್ನ ಮಠದ ಕಾರಭಾರಿ ಚನಮಲ್ಲಪ್ಪ ಗಾಡಿಯ ಮೇಲೆ ಬಂದ. ಗಾಡಿಯ ಇಂಜಿನ್ ಆರಿಸಲೂ ಇಲ್ಲ.

"ಕಂಪೌಂಡರ್ ಸಾಹೇಬ್ರ, ಅಜ್ಜಾರ ಅಪ್ಪಣಿ ಆಗೇತಿ. ಇನ್ನ ಮ್ಯಾಲೆ ನಿಮ್ಮ ಪಟ್ಟಿ ಮಠದ್ದರಿ. ಹಿಂದ ಆದ ಖರ್ಚೂ ಹೇಳ್ರಿ, ಕೊಟ್ಟ ಬಿಡ್ತೀವಿ," ಎಂದವನೇ ಹೊರಟುಹೋದ.

ಆ ಸೀಮೆಯಲ್ಲಿ ಗಾಯಕ್ಕೆ ಸುತ್ತುವುದೂ ಪಟ್ಟಿಯೇ, ದಿಕ್ಕಿಲ್ಲದವರಿಗೆಂದು ಮನೆಮನೆಯಿಂದ ಎತ್ತುವ ಹಣವೂ ಪಟ್ಟಿಯೇ. ಗುರುಪಾದಪ್ಪನ ಕಿವಿಗೆ ಎರಡನೆಯದೇ ಬಿತ್ತು. ಮೈಯೆಲ್ಲ ಉರಿದುಹೋಯಿತು. ಆ ರಣಬಿಸಿಲಿನಲ್ಲೇ ಗುಡ್ಡ ಹತ್ತಿದ.

ಅಜ್ಜಾರು ತೊಗರಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕಾರಭಾರಿಯೂ ಅಲ್ಲಿಯೇ ಇದ್ದ. ಗುರುಪಾದಪ್ಪ ಕೈಮುಗಿಯುವುದನ್ನೂ ಮರೆತ.

"ನಾ ಏನ್ ಭಿಕ್ಷಾ ಬೇಡಾಂವ ಆಗೇನೇನ್ರಿ ಅಜ್ಜಾರ? ನನ್ನ ಹೆಸರಲೆ ಊರಾಗ ಪಟ್ಟಿ ಎತ್ತಸ್ತೀರಿ?"

ಅಜ್ಜಾರು ಕಣ್ಣು ಪಿಳುಕಿಸಿದರು. ಆಮೇಲೆ ತಿಳಿದು ನಕ್ಕರು. "ಎತ್ತೂ ಪಟ್ಟಿ ಅಲ್ಲೋ ಮಾರಾಯಾ, ಕಟ್ಟೂ ಪಟ್ಟಿ! ಹ್ವಾದ ವರ್ಸ ಒಬ್ಬಾಕಿ ಕಾಲಾಗ ಹೂವಿನ ಸೀರಿ ತುಂಡು ಕಂಡೆ. ಬಟ್ಟಿ ನಾವು ಕೊಡೂನು ಅಂದೆ."

ಕಾರಭಾರಿ ನಾಲಿಗೆ ಕಚ್ಚಿಕೊಂಡ. ಗುರುಪಾದಪ್ಪನಿಗೆ ನಾಚಿಕೆಯಾಯಿತು, ಆದರೂ ಮನಸ್ಸು ತಣಿಯಲಿಲ್ಲ.

"ಅದಾದ್ರೂ ಯಾಕ್ರಿ? ಸೇವಾ ಮಾಡಿ ಖರ್ಚು ಇಸಗೊಂಡ್ರ ಕೂಲಿ ಆತಲ್ರಿ," ಎಂದ. "ನನಗ ಅಂತ ಇರೂದು ಇದೊಂದ ರೀ ಅಜ್ಜಾರ. ಇದನ್ನೂ ಕಸಗೋಬ್ಯಾಡ್ರಿ."

ಅಜ್ಜಾರು ಮೊರ ಕೆಳಗಿಟ್ಟರು.

"ಮಂದಿಗೆ ಗಾಯ ಎಲ್ಲಿಗೆ ಬರಾಕ ಹೋಗಿ ಆತಪಾ?"

"ಮಠಕ್ಕ ಬರಾಕ ರೀ."

"ಅಂದ್ರ ಗಾಯ ಮಠದ್ದು. ಬಟ್ಟೀನೂ ಮಠದ್ದ ಆಗಬೇಕು. ಕೈ ನಿಂದು. ಅದನ್ನ ಯಾರು ಕಸಗೋತಾರ?"

ಗುರುಪಾದಪ್ಪ ತನ್ನ ಎರಡೂ ಕೈ ನೋಡಿಕೊಂಡ. ಅಜ್ಜಾರು ಮೆಲ್ಲಗೆ ಕೇಳಿದರು, "ಇಲ್ಲಿತನಕ ಏನೇನು ಹಾಕೀದಿ, ಹೇಳು."

ಔಷಧದ ಲೆಕ್ಕ ಅವನ ಬಾಯಿಗೆ ಬರಲಿಲ್ಲ. "ಸೀರಿ ರೀ," ಎಂದ. "ನನ್ನ ಹೇಣ್ತೀವು. ಎಲ್ಲಾ ಹರದೆ. ಒಂದ ಉಳದೈತ್ರಿ."

ಅಜ್ಜಾರ ಕಣ್ಣು ತುಂಬಿ ಬಂತು. ಕೈ ಹಿಡಿದು ಅವನನ್ನು ಪಕ್ಕದಲ್ಲಿ, ಅದೇ ಗೋಣಿತಾಟಿನ ಮೇಲೆ ಕೂರಿಸಿಕೊಂಡರು. "ಅವನ್ನ ತಿರುಗಿ ಕೊಡೂ ಶಕ್ತಿ ಈ ಮಠಕ್ಕಿಲ್ಲಪಾ. ಆ ತಾಯಿ ಋಣ ನಮ್ಮ ಮ್ಯಾಲೆ ಇರಲಿ. ಉಳದದ್ದು ಹರೀಬ್ಯಾಡ." ತುಸು ತಡೆದು ಕೇಳಿದರು, "ಆಕಿ ಹೆಸರೇನು?"

ಹನ್ನೆರಡು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವನೂ ಬಾಯಿಬಿಟ್ಟು ಅಂದಿರಲಿಲ್ಲ. "ಕಾಶವ್ವ," ಎಂದ. ಅಂದದ್ದೇ ತಡ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅಯ್ಯೋ, ಎಷ್ಟು ವರ್ಷದ ಅಳು ಅದು! ಅವನ ಅಳು ಮುಗಿಯುವವರೆಗೆ ಅಜ್ಜಾರು ಅವನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

ಆಮೇಲೂ ಗುರುಪಾದಪ್ಪನ ಮನೆ ಖಾಲಿಯೇ ಇತ್ತು. ಸಂಜೆ ಕೀಲಿ ತೆಗೆದರೆ ಒಳಗಿನಿಂದ ಯಾರೂ ಮಾತಾಡಿಸುತ್ತಿರಲಿಲ್ಲ. ಆದರೆ ಶಿವರಾತ್ರಿಯ ಹಿಂದಿನ ದಿನ ಮಠದಿಂದ ಪಟ್ಟಿಯ ಬಟ್ಟೆ ಬಂದಾಗ ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಚನಮಲ್ಲಪ್ಪನನ್ನು ಜನರ ನಡುವೆಯೇ ಜಬರಿಸಿದ.

"ಏನ್ರೀ ಕಾರಭಾರ್ರ, ಇಂಥಾ ಜಾಳ ಬಟ್ಟಿ ತಂದೀರಿ? ಇದು ನಮ್ಮ ಮಠದ ಗಾಯ ಐತ್ರಿ! ಹೋಗ್ರಿ, ಚೊಲೋದು ತರ್ರಿ."